ಕೇಪಳದ ಬೇಲಿ ಹಳದಿಯಾದ ವರ್ಷ

ನಮ್ಮಕ್ಕ ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಮನೆಯ ತೋಟ ನೋಡಿಕೊಳ್ಳುತ್ತಾಳೆ. ನಮ್ಮ ಭಾವ ಅಷ್ಟೇ ವರ್ಷಗಳಿಂದ ಬೇರೆಯವರ ಮನೆಯ ಹೊರಗೋಡೆಗೆ ಸುಣ್ಣಬಣ್ಣ ಹೊಡೆಯುತ್ತಾರೆ. ಒಂದೇ ಬೀದಿ, ಬಹುಪಾಲು ಅವೇ ಮನೆಗಳು. ಆದರೆ ಇಬ್ಬರ ಕಸುಬುಗಳದ್ದು ಹಾವು ಮುಂಗುಸಿ ಸಂಬಂಧ. ಅಕ್ಕ ಬಳ್ಳಿ ಹಬ್ಬಿಸಿದರೆ ಭಾವನ ಗೋಡೆ ಹಾಳು, ಭಾವ ಏಣಿ ಊರಿದರೆ ಅಕ್ಕನ ಹೂವಿನ ಪಾತಿ ಹಾಳು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿರುವ ನನಗೆ ಇದೆಲ್ಲ ಪುಕ್ಕಟೆ ಮನರಂಜನೆ.

ಅಕ್ಕನಿಗೆ ಋತುಗಳ ಲೆಕ್ಕ ಬೆರಳ ತುದಿಯಲ್ಲಿದೆ. ಚಳಿ ಮುಗಿಯುವುದರೊಳಗೆ ಗಿಡ ಸವರಿ ಆಗಿರಬೇಕು. ಬಿಸಿಲೇರಿತೆಂದರೆ ಕತ್ತರಿ ಪೆಟ್ಟಿಗೆ ಸೇರುತ್ತದೆ. ಆಮೇಲೆ ಗಿಡದ ಬುಡಕ್ಕೆಲ್ಲ ದಪ್ಪಗೆ ಒಣ ಎಲೆಯ ಹೊದಿಕೆ, ಸೂರ್ಯ ಹುಟ್ಟುವ ಮುಂಚೆ ನೀರು. ಮಳೆಗೆ ಒಂದು ತಿಂಗಳಿರುವಾಗ ತಾರಸಿಯ ನೀರಿನ ಕೊಳವೆಗಳಿಗೆ ಕೈ ಹಾಕಿ ಕಸ ತೆಗೆಯುತ್ತಾಳೆ, ಹಣ್ಣಿನ ಮರಗಳ ಬೊಡ್ಡೆಗೆ ಸೊಂಟದೆತ್ತರ ಸುಣ್ಣ ಬಳಿಯುತ್ತಾಳೆ. ಸುಣ್ಣ ಮಾತ್ರ ಭಾವನ ಡಬ್ಬದ್ದೇ. ನಡುಬೇಸಿಗೆಯಲ್ಲಿ ಯಾರಾದರೂ "ಸ್ವಲ್ಪ ಸವರಿಕೊಡಮ್ಮ, ಚೆಂದ ಕಾಣ್ಲಿ" ಅಂದರೆ, "ನಿಮ್ಮ ತಲೆ ಬೋಳಿಸಿ ಬಿಸ್ಲಲ್ಲಿ ನಿಲ್ಲಿಸ್ಲಾ?" ಎಂದು ಕೇಳುತ್ತಾಳೆ. ಇಂಥ ಬಾಯಿಯಿದ್ದೂ ಅವಳಿಗೆ ಕೆಲಸ ತಪ್ಪಿಲ್ಲ. ಗಿಡದ ವಿಷಯದಲ್ಲಿ ಅವಳು ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು.

ಬೀದಿಯ ಕೊನೆಯಲ್ಲಿ ವಕೀಲಮ್ಮನ ಮನೆ. ಗೇಟಿನಿಂದ ಮೆಟ್ಟಿಲವರೆಗೆ ನಲವತ್ತು ಕೇಪಳದ ಗಿಡಗಳ ಬೇಲಿ, ವರ್ಷದಲ್ಲಿ ಮುಕ್ಕಾಲು ಪಾಲು ಕೆಂಪು ಹೂಗೊಂಚಲು. ಅಕ್ಕ ಈ ಕಸುಬು ಹಿಡಿದ ಮೊದಲ ವರ್ಷ ನೆಟ್ಟದ್ದು ಅದು. ಹೊಸಬರು ಯಾರಾದರೂ ಕೆಲಸಕ್ಕೆ ಕರೆದರೆ, "ಮೊದ್ಲು ಆ ಬೇಲಿ ನೋಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಆ ಬೇಲಿ ಹಳದಿಯಾಯಿತು. ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಅಕ್ಕ ಒಂದೇ ನೋಟಕ್ಕೆ ಹೇಳಿಬಿಟ್ಟಳು: "ಕಬ್ಬಿಣ ಸಾಲ್ತಿಲ್ಲ. ಹತ್ತೇ ದಿನ, ಸರಿಮಾಡ್ತೀನಿ." ಕಬ್ಬಿಣದ ಉಪ್ಪಾದ ಅನ್ನಭೇದಿಯನ್ನು ನೀರಲ್ಲಿ ಕರಗಿಸಿ ಒಣ ಎಲೆಯ ಹೊದಿಕೆಯ ಮೇಲೆಯೇ ಸುರಿದಳು. ಬಿಸಿಲಲ್ಲಿ ಬುಡ ಬಿಚ್ಚಬಾರದೆಂಬುದು ಅವಳದೇ ಕಟ್ಟಳೆ. ಹತ್ತು ದಿನ ಹೋಯಿತು, ಇಪ್ಪತ್ತೂ ಆಯಿತು. ಎಲೆಗಳು ಇನ್ನಷ್ಟು ಬಿಳಿಚಿಕೊಂಡು ತುದಿ ಸುಟ್ಟುಕೊಂಡವು.

ಸೋಲು ಅಭ್ಯಾಸವಿಲ್ಲದವರು ಮಾಡುವುದನ್ನೇ ಅಕ್ಕನೂ ಮಾಡಿದಳು, ಬೇರೆಯವರ ಮೇಲೆ ಹಾಕಿದಳು. "ನೀವು ಕಾರು ತೊಳೀತೀರಲ್ಲಮ್ಮ, ಆ ಸೋಪಿನ ನೀರೇ ಇದಕ್ಕೆ ಕಾರಣ."

"ಸಾಕ್ಷಿ ಇದ್ಯಾ?" ಎಂದರು ವಕೀಲಮ್ಮ. "ಎಲೆ ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಅಕ್ಕ. ವಕೀಲಮ್ಮನಿಗೆ ರೇಗಿತು. "ಹೇಗೂ ಕಾರು ತಿರುಗಿಸೋಕೆ ಜಾಗ ಸಾಲ್ತಿಲ್ಲ. ಸೋಮವಾರ ಕಲ್ಲು ಹಾಸೋರು ಬರ್ತಾರೆ. ಬೇಲಿ ಕೀಳಿಸ್ತೀನಿ."

ಅಕ್ಕ ಮನೆಗೆ ಬಂದು ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಭಾನುವಾರ ಬೆಳಿಗ್ಗೆ ಬುಟ್ಟಿ ಹಿಡಿಯಲು ನನ್ನನ್ನೂ ಕರೆದುಕೊಂಡು ಹೋದಳು. ಭಾವ ಪಕ್ಕದ ಮನೆಯ ಗೋಡೆಗೆ ಏಣಿ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಅಕ್ಕ ಮೊದಲ ಗಿಡದ ಮುಂದೆ ಕೂತು, ತನ್ನ ಕಟ್ಟಳೆ ತಾನೇ ಮುರಿದು, ಹೊದಿಕೆ ಸರಿಸಿದಳು. ಕೆಳಗೆ ಮಣ್ಣಿನ ಮೇಲೆ ಬೆಳ್ಳಗೆ ಹೆಪ್ಪು ಕಟ್ಟಿತ್ತು. ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿ ಉಗಿದಳು.

"ಸುಣ್ಣ."

ಮುಂದಿನ ಗಿಡ ನೋಡಿದಳು, ಅದರ ಮುಂದಿನದೂ ನೋಡಿದಳು. ನಲವತ್ತಕ್ಕೂ ಬಿದ್ದಿತ್ತು. ಸುಣ್ಣ ಬಿದ್ದ ಮಣ್ಣಲ್ಲಿ ಕೇಪಳಕ್ಕೆ ಕಬ್ಬಿಣ ಹತ್ತುವುದಿಲ್ಲ, ಎಷ್ಟು ಅನ್ನಭೇದಿ ಸುರಿದರೂ ದಂಡ. ಅಕ್ಕ ತಲೆಯೆತ್ತಿ ಏಣಿಯ ಕಡೆ ನೋಡಿದಳು. "ರೀ, ಇದು ನೀವು ಹಾಕಿದ್ದಾ?"

"ಹೂಂ," ಎಂದರು ಭಾವ, ಖುಷಿಯಾಗಿಯೇ. "ಇಲ್ಲಿ ಕಾಂಪೌಂಡಿಗೆ ಹೊಡೀವಾಗ ದಿನಾ ಸುಣ್ಣದ ನೀರು ಉಳೀತಿತ್ತು. ಗೆದ್ದಲು ಹತ್ತಬಾರ್ದು ಅಂತ ನೀನೇ ಮರಕ್ಕೆ ಬಳೀತೀಯಲ್ಲ. ಇವಕ್ಕೂ ಇರ್ಲಿ, ಮಂಡಿ ನೋವಲ್ಲಿ ನೀನು ಬಗ್ಗೋದು ತಪ್ಲಿ ಅಂತ ಒಂದೊಂದು ಚೊಂಬು ಹಾಕ್ದೆ. ನೀನು ಹೊದಿಸಿದ್ದು ಕೆಡಬಾರ್ದಲ್ಲ, ಎಲೆ ಸರಿಸಿ, ಹಾಕಿ, ಮತ್ತೆ ಮುಚ್ಚಿದೀನಿ."

ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಹೆಂಡತಿಯ ಗಿಡಕ್ಕೆ ಅಂತ ಮಾಡಿದ್ದು ಇದೊಂದೇ ಉಪಕಾರ. ನನಗೆ ನಗು ಬಂತು. ಅಕ್ಕನ ಮುಖ ನೋಡಿದ ಮೇಲೆ ಭಾವನಿಗೆ ಅರ್ಥವಾಯಿತು. ಬ್ರಶ್ಶು ಡಬ್ಬದೊಳಗೆ ಇಟ್ಟು, ನಿಧಾನಕ್ಕೆ ಇಳಿದು ಬಂದು, ಬೇಲಿಯ ಈಚೆ ತಲೆತಗ್ಗಿಸಿ ನಿಂತರು. ಈಗ ಬೀದಿಗೆಲ್ಲ ಕೇಳುವ ಹಾಗೆ ಉಗಿಯುತ್ತಾಳೆ ಎಂದುಕೊಂಡೆ. ಅವಳು ಕೈ ಕೊಡವಿಕೊಂಡು ನೇರ ಮೆಟ್ಟಿಲು ಹತ್ತಿದಳು.

ವಕೀಲಮ್ಮ ಪೇಪರ್ ಮಡಿಸಿ ಕನ್ನಡಕದ ಮೇಲಿಂದ ನೋಡಿದರು.

"ಸೋಪಿನ ನೀರಲ್ಲಮ್ಮ, ಸುಮ್ಸುಮ್ನೆ ನಿಮ್ಮ ಮೇಲೆ ಹಾಕ್ದೆ," ಎಂದಳು ಅಕ್ಕ. "ಬುಡಕ್ಕೆ ಸುಣ್ಣ ಬಿದ್ದಿದೆ. ತಪ್ಪು ನಮ್ಮನೇದು."

"ನಮ್ಮನೇದು ಅಂದ್ರೆ ಯಾರ್ದು? ನಿಂದಾ, ಅವ್ರದಾ?"

"ನಮ್ಮನೇದು ಅಂದ್ರೆ ನಮ್ಮನೇದು."

ಎಷ್ಟೋ ಜನರ ಬಾಯಿ ಬಿಡಿಸಿದ ವಕೀಲಮ್ಮ ಇನ್ನೆರಡು ಸಲ ಕೇಳಿದರು. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಬರಲಿಲ್ಲ. ಕೊನೆಗೆ, "ತಪ್ಪೊಪ್ಕೊಂಡೋರ ಹತ್ರ ಏನು ವಾದ ಮಾಡ್ಲಿ," ಎಂದರು. "ಮಳೆ ಹಿಡಿದು ಹದಿನೈದು ದಿನದವರೆಗೆ ನೋಡ್ತೀನಿ. ಅಷ್ಟರಲ್ಲಿ ಹಸಿರು ಕಾಣ್ಲಿಲ್ಲ ಅಂದ್ರೆ ಕಲ್ಲೇ."

ಅವತ್ತಿನಿಂದ ಭಾವ ಗೋಡೆ ಕೆಲಸಕ್ಕೆ ಹೋಗುವ ಮುಂಚೆ ಎರಡು ಗಂಟೆ ಬೇಲಿಯ ಹತ್ತಿರ ಮಂಡಿಯೂರಿದರು. ಬೇರಿಗೆ ತಾಗದಂತೆ ನಾಲ್ಕು ಬೆರಳಾಳದ ಮೇಲ್ಮಣ್ಣು ಕೆರೆದು ತೆಗೆಯಬೇಕು, ಆ ಜಾಗಕ್ಕೆ ಕೊಳೆತ ಎಲೆಗೊಬ್ಬರ ತುಂಬಬೇಕು. ಅಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ದರ್ಬಾರು ನಡೆಸಿದಳು. "ಮೆತ್ಗೆ ರೀ, ಅದು ಬೇರು, ನಿಮ್ಮ ಬ್ರಶ್ಶಿನ ಕೂದ್ಲಲ್ಲ." ಅನ್ನಭೇದಿಯನ್ನು ಈ ಸಲ ಮಣ್ಣಿಗೆ ಹಾಕದೆ, ತೀರ ತೆಳುವಾಗಿ ಕರಗಿಸಿ ಎಲೆಗೆ ಸಿಂಪಡಿಸಿದಳು. ನಾಲ್ಕು ಗಿಡ ಪೂರ್ತಿ ಒಣಗಿದವು. ಉಳಿದ ಮೂವತ್ತಾರು ಹಾಗೇ ಹಳದಿಯಾಗಿ ನಿಂತಿದ್ದವು. ಭಾವ ಊಟ ಕಮ್ಮಿ ಮಾಡಿದರು. ಬೆಳಿಗ್ಗೆ ಸಂಜೆ ಹೋಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರತಿ ಗಿಡದ ತುದಿ ನೋಡಿ ವಾಪಸು ಬರುತ್ತಿದ್ದರು. ಅಕ್ಕನ ಮುಖ ನೋಡುವುದನ್ನೇ ಬಿಟ್ಟಿದ್ದರು.

ಮಳೆ ಹಿಡಿದ ಹನ್ನೆರಡನೇ ದಿನ. ನಾನೂ ಅಕ್ಕನೂ ವಕೀಲಮ್ಮನ ಮೆಟ್ಟಿಲ ಪಾಚಿ ಉಜ್ಜುತ್ತಿದ್ದೆವು.

"ಏ, ಬಾರೇ ಇಲ್ಲಿ," ಎಂದು ಗೇಟಿನ ಕಡೆಯಿಂದ ಭಾವನ ದನಿ ಬಂತು. ಹೋಗಿ ನೋಡಿದರೆ ಒದ್ದೆಯಲ್ಲೇ ಮಂಡಿಯೂರಿದ್ದಾರೆ. ಒಂದು ಕೊಂಬೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು. "ಇದು ಹಸಿರು. ನಾನು ಬಣ್ಣದೋನು, ಇದರಲ್ಲಿ ಮಾತ್ರ ನನಗೆ ಮೋಸ ಆಗಲ್ಲ. ಹಸಿರೇ ಇದು. ಇಲ್ಲಿ ನೋಡು, ಇದ್ರಲ್ಲೂ ಇದೆ."

ವಕೀಲಮ್ಮ ಕೊಡೆ ಹಿಡಿದುಕೊಂಡು ಬಂದು, ಬಗ್ಗಿ ನೋಡಿ, "ಕಲ್ಲಿನೋರಿಗೆ ಬೇಡ ಅಂತೀನಿ," ಎಂದು ಹೇಳಿ ಒಳಗೆ ಹೋದರು. ಭಾವ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತ ಎಣಿಸತೊಡಗಿದರು. ಅಕ್ಕ ತಿರುಗಿ ಮೆಟ್ಟಿಲ ಹತ್ತಿರ ಬಂದು ಪೊರಕೆ ಎತ್ತಿಕೊಂಡಳು.

"ನೀನೂ ದಿನಾ ನೋಡ್ತಿದ್ದೆ," ಎಂದೆ ನಾನು. "ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

"ಬಿದ್ದು ನಾಲ್ಕು ದಿನ ಆಯ್ತು," ಎಂದಳು ಅಕ್ಕ ಮೆಲ್ಲಗೆ. "ಅವರೇ ಮೊದ್ಲು ನೋಡ್ಲಿ ಅಂತ ಸುಮ್ನಿದ್ದೆ."