ಬಾಯಿಪಾಠದ ತಿಜೋರಿ

ಗುರುರಾಜ್ ಅಂಕಲ್ ಜನಿವಾರಕ್ಕೆ ಕಟ್ಟಿಕೊಂಡಿದ್ದ ಕಪ್ಪು ವಸ್ತುವನ್ನು ಅಮೆರಿಕದ ಆಶ್‌ಬರ್ನ್‌ನ ಕನ್ನಡದವರೆಲ್ಲ ಒಂದಲ್ಲ ಒಂದು ಸಲ ನೋಡಿದ್ದೇವೆ. ಹಿಂದಿನವರು ಬೀರುವಿನ ಕೀಲಿಕೈ ಕಟ್ಟಿಕೊಳ್ಳುತ್ತಿದ್ದರಲ್ಲ, ಹಾಗೆ. ನೋಡಲು ಪೆನ್‌ಡ್ರೈವ್‌ನಂತೆ, ಆದರೆ ಅದಕ್ಕೊಂದು ಪುಟ್ಟ ಪರದೆ, ಎರಡು ಗುಂಡಿ. ಗಣಪತಿ ಹಬ್ಬದ ಪಾಟ್‌ಲಕ್‌ನಲ್ಲಿ ಯಾರಾದರೂ ಬಿಟ್‌ಕಾಯಿನ್ ಎಂದು ಬಾಯಿಬಿಟ್ಟರೆ ಸಾಕು, ಅಂಕಲ್ ಊಟದ ತಟ್ಟೆ ಕೆಳಗಿಟ್ಟು ಜುಬ್ಬಾದ ಕತ್ತಿನೊಳಗೆ ಕೈ ಹಾಕುತ್ತಿದ್ದರು. ಅವರ ಹೆಂಡತಿ ಸುಧಾ ಆಂಟಿ ಅಷ್ಟು ಹೊತ್ತಿಗೆ ಪಾಯಸ ಬಡಿಸುವ ನೆಪದಲ್ಲಿ ಎದ್ದು ಹೋಗಿರುತ್ತಿದ್ದರು.

"ನೋಡ್ರೀ ತಂಗಿ, ಇದು ಹಾರ್ಡ್‌ವೇರ್ ವ್ಯಾಲೆಟ್. ಬ್ಲೂಟೂತ್‌ಲೆ ಫೋನಿಗೆ ಜೋಡಸೋದು. ಫೋನಿನ್ಯಾಗ ಎಷ್ಟದ ಅಂತ ಬರೇ ನೋಡಬಹುದು. ಒಂದು ಪೈಸಾ ಅಲುಗಬೇಕಂದ್ರ ಇದರ ಗುಂಡಿ ಒತ್ತಬೇಕು. ಕಳ್ಳ ಫೋನ್ ಒಯ್ದ್ರೂ ಅವಗ ಚಿಪ್ಪೇ ಗತಿ!"

ಧಾರವಾಡದ ಗತ್ತಿನಲ್ಲಿ ಇಷ್ಟು ಹೇಳಿ, ಶಲ್ಯವನ್ನು ತಲೆಯ ಮೇಲೆ ಎಳೆದುಕೊಂಡು ಅದರೊಳಗೆ ಪಿನ್ ಒತ್ತುತ್ತಿದ್ದರು. ಕೋವಿಡ್ ಕಾಲದಲ್ಲಿ ಹತ್ತಿದ ಹುಚ್ಚು ಅದು. ಬ್ಯಾಂಕಿನಲ್ಲಿದ್ದದ್ದನ್ನೆಲ್ಲ ತಂದು ಅದರಲ್ಲಿ ಸುರಿದಿದ್ದರು.

"ಆ ಡಬ್ಬಿನೇ ಕಳ್ದೋದ್ರೆ ಏನ್ ಮಾಡ್ತೀರಾ ಅಂಕಲ್?" ಎಂದು ನಾನು ಕೆಣಕಿದೆ.

"ಅದಕ್ಕಂತ ಇಪ್ಪತ್ನಾಲ್ಕು ಇಂಗ್ಲಿಷ್ ಶಬ್ದ ಕೊಟ್ಟಾರ. ಹೊಸಾ ಡಬ್ಬಿ ತಂದು, ಅವನ್ನ ವರಸೆ ತಪ್ಪದಂಗ ಹಾಕಿದ್ರ ಎಲ್ಲಾ ವಾಪಸ್."

"ಎಲ್ಲಿ ಬರೆದಿಟ್ಟಿದೀರಾ?"

ಅವರು ಹಣೆಗೆ ಬೆರಳು ಮುಟ್ಟಿಸಿ ನಕ್ಕರು. "ಇಲ್ಲೆ."

ಬರೆದು ಜೋಪಾನವಾಗಿಡಿ ಎಂದು ಡಬ್ಬಿಯ ಜೊತೆ ಒಂದು ಕಾರ್ಡ್ ಬಂದಿತ್ತಂತೆ. ಈ ಮಹಾನುಭಾವರು ಅದರಲ್ಲಿ ಬರೆದು, ಬಾಯಿಪಾಠ ಮಾಡಿ, ಕಾರ್ಡನ್ನು ಒಲೆಯ ಮೇಲೆ ಸುಟ್ಟು, ಸ್ಮೋಕ್ ಅಲಾರಂ ಹೊಡೆಸಿ ನಮ್ಮ ಸಾಲಿನ ಟೌನ್‌ಹೌಸ್‌ನವರನ್ನೆಲ್ಲ ಚಪ್ಪಲಿಯಿಲ್ಲದೆ ಬೀದಿಗಿಳಿಸಿದ್ದರು. ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ವೇದ ಕಲಿತವರು. "ಸಾವಿರಾರು ವರ್ಷ ವೇದ ಯಾವ ಕಾಗದದ ಮ್ಯಾಲೆ ಇತ್ತರೀ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಕೆಲಸವೋ, ಡೇಟಾ ಸೆಂಟರಿನಲ್ಲಿ ಬ್ಯಾಕಪ್ ಜನರೇಟರ್‌ಗಳ ಉಸ್ತುವಾರಿ! ಒಂದು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮತ್ತೊಂದು ಎಂದು ಹಗಲೆಲ್ಲ ವ್ಯವಸ್ಥೆ ಮಾಡುವ ಮನುಷ್ಯ ಮನೆಯ ವಿಷಯದಲ್ಲಿ ಹೀಗೆ. ಹೆಂಡತಿಗೂ ಹೇಳಲಿಲ್ಲ. ಗೊತ್ತಿದ್ದರೆ ಅವಳಿಗೇ ಅಪಾಯವಂತೆ.

ಸಂಜೆ ಕೆರೆಯ ಸುತ್ತ ವಾಕ್ ಹೋದಾಗ ಅವರ ತುಟಿ ಅಲುಗುತ್ತಲೇ ಇರುತ್ತಿತ್ತು. ಪಾಠಶಾಲೆಯಲ್ಲಿ ಕಲಿತಂತೆ, ಎರಡೆರಡು ಪದ ಹಿಡಿದು, ಮುಂದೆ ಒಮ್ಮೆ ಹಿಂದೆ ಒಮ್ಮೆ, ಆ ಶಬ್ದಗಳನ್ನು ಸ್ವರ ಹಾಕಿ ಹೇಳುತ್ತಿದ್ದರು, ಶುರು ಯಾವಾಗಲೂ ಒಂದೇ: ಲೆಮನ್ ಲ್ಯಾಡರ್, ಲ್ಯಾಡರ್ ಲೆಮನ್, ಲೆಮನ್ ಲ್ಯಾಡರ್. ಒಮ್ಮೆ ಗಾರ್ಲಿಕ್ ಎಂಬುದು ನನ್ನ ಕಿವಿಗೆ ಬಿತ್ತು. ಬೆಳ್ಳುಳ್ಳಿಯನ್ನು ಹೊಸಿಲು ದಾಟಿಸದ ಮನೆ ಅದು. "ಏನ್ ಅಂಕಲ್, ಬಾಯಲ್ಲಿ ಬೆಳ್ಳುಳ್ಳಿ!" ಎಂದೆ. ಫಕ್ಕನೆ ಬಾಯಿ ಮುಚ್ಚಿಕೊಂಡು, "ನೀ ಕೇಳಿಲ್ಲ, ನಾ ಹೇಳಿಲ್ಲ" ಎಂದವರು ಆಮೇಲೆ ವಾರಗಟ್ಟಲೆ ನನ್ನಿಂದ ದೂರ ಬೇರೆ ದಾರಿಯಲ್ಲಿ ನಡೆದರು. ಎಷ್ಟು ನಕ್ಕಿದ್ದೆ ಆಗ!

ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದವರು ಕುಸಿದುಬಿದ್ದರು. ಸ್ಟ್ರೋಕ್. ಆಸ್ಪತ್ರೆಯಲ್ಲಿ ನರ್ಸ್ ಜನಿವಾರ ಕತ್ತರಿಸಿ, ಡಬ್ಬಿಯನ್ನು ಬಟ್ಟೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಂಟಿಯ ಕೈಗೆ ಕೊಟ್ಟಳು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ನೀರು ಬೇಕೆಂದರೆ "ಅದ, ಅದ" ಎನ್ನುವರು, ಹೊದಿಕೆ ಬೇಕೆಂದರೂ "ಅದ, ಅದ".

ಮನೆಗೆ ಬಂದ ಮೇಲೆ ಆಂಟಿ ಪಿನ್ ಹಾಕಿಸಿ ನೋಡಿದರು. ಎಡಗೈಯಲ್ಲಿ ಅಂಕಲ್ ಏನೇನೋ ಒತ್ತಿದರು. ಮೂರನೇ ಸಲವೂ ತಪ್ಪಾದರೆ ಡಬ್ಬಿ ತನ್ನೊಳಗಿರುವುದನ್ನು ತಾನೇ ಅಳಿಸಿಕೊಳ್ಳುತ್ತದೆ. ಕಳ್ಳರಿಗೆಂದು ಮಾಡಿದ ಏರ್ಪಾಡು. ತಪ್ಪಾಯಿತು, ಅಳಿಸಿಕೊಂಡಿತು. ಫೋನು ಮಾತ್ರ ಆ ಹಣವನ್ನು ತೋರಿಸುತ್ತಲೇ ಇತ್ತು, ಇವತ್ತು ಏರಿದೆ, ನಿನ್ನೆ ಇಳಿದಿತ್ತು ಎಂದು. ಸುಧಾ ಆಂಟಿ ಅದನ್ನು ನೋಡಿ ನೋಡಿ, "ಕಣ್ಣಿಗೆ ಕಾಣಸ್ತದ, ಕೈಗೆ ಸಿಗೂದಿಲ್ಲ. ಇದಕ್ಕಿಂತ ಕಳ್ಳ ಒಯ್ದಿದ್ರ ಚಲೋ ಇತ್ತು" ಎಂದು ಅತ್ತರು.

ಅಷ್ಟರಲ್ಲಿ ಒಂದು ಆಸೆ ಹುಟ್ಟಿತು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್, ಇಂಥವರಿಗೆ ಮಾತು ಹೋದರೂ ಹಾಡು, ಪ್ರಾರ್ಥನೆ ಎಷ್ಟೋ ಸಲ ಉಳಿದಿರುತ್ತದೆ ಎಂದಳು. ಹೌದು! ಸಂಧ್ಯಾವಂದನೆಯ ಮಂತ್ರ ಶುರು ಮಾಡಿಕೊಟ್ಟರೆ ಅಂಕಲ್ ಸ್ಪಷ್ಟವಾಗಿ ಕೊನೆತನಕ ಹೇಳುತ್ತಿದ್ದರು. ಹಾಗಾದರೆ ಮಂತ್ರದಂತೆ ಕಲಿತ ಆ ಶಬ್ದಗಳೂ ಒಳಗೆಲ್ಲೋ ಇರಬೇಕಲ್ಲ? ಸ್ನಾನ ಮಾಡಿಸಿ ದೇವರ ಮುಂದೆ ಕೂರಿಸಿದರು. ಮಗಳು ಅನನ್ಯ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಕೂತಳು. ಮೊದಲೆರಡು ಶಬ್ದ ನನಗೆ ಗೊತ್ತಿದ್ದವು, ಎತ್ತಿಕೊಟ್ಟೆ. ಅಂಕಲ್ ಕಣ್ಣು ಮುಚ್ಚಿ ಅದೇ ಸ್ವರದಲ್ಲಿ ಹಿಡಿದುಕೊಂಡರು. ಲೆಮನ್ ಲ್ಯಾಡರ್, ಲ್ಯಾಡರ್ ಲೆಮನ್. ಮುಂದಿನ ಶಬ್ದ ಬಂತು. ಅದರ ಮುಂದಿನದೂ ಬಂತು. ಅಷ್ಟರಲ್ಲಿ ಸ್ವರ ಹಾಗೇ ಜಾರಿ ಯಾವುದೋ ವೇದಸೂಕ್ತದೊಳಕ್ಕೆ ಹೋಗಿಬಿಟ್ಟಿತು. ಮತ್ತೆ ಶುರು ಮಾಡಿಸಿದೆವು. ಮತ್ತೆ ಅಲ್ಲೇ ಜಾರಿತು. ಮತ್ತೆ, ಮತ್ತೆ. ಅಂಕಲ್ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಸೂಕ್ತ ಹೇಳುತ್ತಿತ್ತು.

"ಅಮ್ಮಾ, ಸ್ಟಾಪ್. ಪ್ಲೀಸ್. ಅಪ್ಪಂಗೆ ಹರ್ಟ್ ಆಗ್ತಿದೆ" ಎಂದಳು ಅನನ್ಯ.

ಇನ್ಶೂರೆನ್ಸ್‌ನವರು ಥೆರಪಿಗೆ ಕೊಡುವುದು ಇಷ್ಟೇ ಎಂದು ನಿಲ್ಲಿಸಿದರು. ಮಾತು ಬರಲು ಥೆರಪಿ ಬೇಕು, ಥೆರಪಿಗೆ ಹಣ ಬೇಕು, ಹಣ ಕೈಗೆ ಬರಲು ಅಂಕಲ್ ಮಾತಾಡಬೇಕು. ಯಾರಿಗೆ ಬೈಯುವುದು ಹೇಳಿ? ನನಗೆ ಅಂಕಲ್ ಮೇಲೇ ಸಿಟ್ಟು ಬರುತ್ತಿತ್ತು. ಅವರ ಮುಖ ನೋಡಿದರೆ ಆ ಸಿಟ್ಟಿಗೂ ನಾಚಿಕೆಯಾಗುತ್ತಿತ್ತು.

ಆ ಮನೆಯ ಸ್ವರೂಪವೇ ಬದಲಾಯಿತು. ಅಂಕಲ್ ಬಾಯಿಂದ ಯಾವ ಇಂಗ್ಲಿಷ್ ಶಬ್ದ ಹೊರಟರೂ ಆಂಟಿ ಓಡಿಬಂದು ಫೋನ್ ಹಿಡಿಯುವರು. "ಇನ್ನೊಮ್ಮೆ ಹೇಳ್ರಿ. ಅದರ ಮುಂದ ಏನದ?" ಅವರು "ಶುಗರ್" ಎಂದಾಗಲೂ ಅಷ್ಟೇ. ಕಾಫಿ ತಣ್ಣಗಾಗುತ್ತಿತ್ತು. ಅಂಕಲ್ ಹೆಂಡತಿಯ ಮುಖವನ್ನೇ ನೋಡುತ್ತಾ ಕೂತಿರುತ್ತಿದ್ದರು.

ಚಳಿಗಾಲದಲ್ಲಿ ಟೌನ್‌ಹೌಸ್ ಮಾರಿ ಆಂಟಿಯ ತಮ್ಮನಿದ್ದ ಷಾರ್ಲಟ್‌ಗೆ ಹೊರಟರು. ನಾನು ಮೊಸರನ್ನದ ಡಬ್ಬಿ ಹಿಡಿದು ಕಾರಿನ ಹತ್ತಿರ ಹೋದೆ. ಅಂಕಲ್ ಮುಂದಿನ ಸೀಟಿನಲ್ಲಿದ್ದರು. ಗಾಳಿ ಕೊರೆಯುತ್ತಿತ್ತು. ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, ಬಹಳ ಕಷ್ಟಪಟ್ಟು, ತುಟಿ ಕೂಡಿಸಿ ಬಿಡಿಸಿ, "ವಿಂಡೋ" ಎಂದರು.

ಮಾತು! ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಿಂದಿನ ಸೀಟಿನಿಂದ ಆಂಟಿ ಆಗಲೇ ಫೋನ್ ಚಾಚಿದ್ದರು. "ವಿಂಡೋ? ಅದೂ ಅದರಾಗಿಂದೇನ್ರೀ? ಎಷ್ಟನೇದು? ಹೇಳ್ರಿ, ಒಂದ ಸಲ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಂಕಲ್ ಚಳಿಗೆ ನಡುಗುತ್ತಿದ್ದರು. ಸ್ಟಿಯರಿಂಗ್ ಹಿಡಿದಿದ್ದ ಅನನ್ಯ ಗುಂಡಿ ಒತ್ತಿ ಕಿಟಕಿ ಏರಿಸಿದಳು. ನಾನು ಕೈ ಎಳೆದುಕೊಂಡೆ. ಗಾಜಿನಾಚೆ ಆಂಟಿ ಇನ್ನೂ ಕೇಳುತ್ತಲೇ ಇದ್ದರು. ಅಂಕಲ್ ಬಾಯಿ ಮುಚ್ಚಿಕೊಂಡರು.

ಷಾರ್ಲಟ್‌ಗೆ ಹೋದ ಮೇಲೂ ಬಾಯಿ ತೆರೆದಿಲ್ಲವಂತೆ. ಮಂತ್ರ ಎತ್ತಿಕೊಟ್ಟರೂ ಹೇಳುವುದಿಲ್ಲವಂತೆ. ಆಂಟಿ ಫೋನ್ ಮಾಡಿದಾಗ ಕೇಳುವುದು ಒಂದೇ: "ತಂಗಿ, ಅವತ್ತು ಕೆರಿ ಹತ್ರ ನೀ ಇನ್ನೇನರೆ ಕೇಳಿದ್ದೇನು?"