ಮೆಟ್ಟಿಲ ಮೇಲೆ ಇಳಿಸಿಟ್ಟ ಚೀಲ

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಗುರುವಾರ. ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ಸ್ಥಳ, ಪ್ಯಾರಿಸ್ ನಗರದ ಒಂದು ಗುಡ್ಡ. ಅದರ ನೆತ್ತಿಯಲ್ಲಿ ಬಿಳಿಯ ಚರ್ಚು. ಅಲ್ಲಿದ್ದವರು ನಾನು, ನನ್ನ ತಂಗಿ ರತ್ನ, ಅವಳ ಗಂಡ ಶಿವಣ್ಣ. ಹೀಗೆ ಕ್ರಮವಾಗಿ ಹೇಳುವುದು ನನ್ನ ಹಳೆಯ ಅಭ್ಯಾಸ. ಹೊಳೆನರಸೀಪುರದ ಕಡೆ ನರ್ಸ್ ಆಗಿ ದುಡಿದವಳು ನಾನು. ಪಾಳಿ ಬಿಡುವಾಗ ಯಾವ ಹೊತ್ತು, ಯಾರಿದ್ದರು, ಏನಾಯಿತು ಎಂದು ಒಪ್ಪಿಸಿಯೇ ಮನೆಗೆ ಹೋಗಬೇಕಿತ್ತು.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಶಕುನ, ಮಾಟ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ದೇವರು ಬಂದಿದೆ ಎಂದು ಹೊತ್ತು ತಂದವರಿಗೆ ಜ್ವರ ನೋಡಿ, ಗ್ಲೂಕೋಸ್ ಏರಿಸಿ ಕಳಿಸಿದ್ದೇನೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಆ ದಿನದ ಮಟ್ಟಿಗೆ ಬಾಯಿ ಮುಚ್ಚಿಕೊಂಡಿರುವುದು ನನಗೆ ಒಳ್ಳೆಯದು.

ಹಾಸನದಿಂದ ಹೊರಟ ಪ್ರವಾಸದ ತಂಡ ನಮ್ಮದು. ಮಾರನೆಯ ಬೆಳಿಗ್ಗೆ ವಾಪಸು ವಿಮಾನ. ಜೇಬುಗಳ್ಳರ ಬಗ್ಗೆ ತಂಡದ ಮುಂದಾಳು ಎಚ್ಚರಿಸಿದ್ದನ್ನು ನಾನು ದಿನವೂ ಬೆಳಿಗ್ಗೆ ಎಲ್ಲರಿಗೂ ಮತ್ತೆ ಹೇಳುತ್ತಿದ್ದೆ. ರತ್ನ, ಶಿವಣ್ಣ ಇಬ್ಬರ ಪಾಸ್‌ಪೋರ್ಟನ್ನೂ ಮೊದಲ ದಿನವೇ ಕಿತ್ತುಕೊಂಡು ನನ್ನ ಚರ್ಮದ ಚೀಲದಲ್ಲಿ ಹಾಕಿಕೊಂಡಿದ್ದೆ. ಆ ಚೀಲ ಹಗಲೆಲ್ಲ ನನ್ನ ಎದೆಗೆ ಅಡ್ಡಲಾಗಿ ನೇತಾಡುತ್ತಿತ್ತು.

ಶಿವಣ್ಣ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ತಮಾಷೆಯ ಮನುಷ್ಯ. "ಅಕ್ಕ ಇರೋವಾಗ ಕಳ್ಳ ಅತ್ರಕ್ ಬಂದಾನಾ? ಇದು ವಿಸಿಟಿಂಗ್ ಟೈಮಲ್ಲ ಅಂತ ಆಚ್ಗೆ ಕಳಿಸ್ಬುಡ್ತಾರೆ ಕಣೇ" ಎಂದು ರತ್ನಳಿಗೆ ಹೇಳಿ ನಗುತ್ತಿದ್ದರು.

ನಮ್ಮ ಬಸ್ಸು ಗುಡ್ಡದ ಹಿಂಬದಿಯಿಂದ ಹತ್ತಿ ನಮ್ಮನ್ನು ಮೇಲೆಯೇ ಇಳಿಸಿತ್ತು. ಮುಂಬದಿಯ ಮೆಟ್ಟಿಲ ಸಾಲು ಇಳಿದು ಕೆಳಗೆ ಏನಿದೆ ಎಂದು ನಾವು ಯಾರೂ ನೋಡಿರಲಿಲ್ಲ. ರತ್ನ ಮತ್ತು ಶಿವಣ್ಣ ಚಿತ್ರ ತೆಗೆದುಕೊಳ್ಳಲು ಆಚೆ ಹೋದರು. ನಾನು ಚರ್ಚಿನ ಕಡೆ ಕೈಮುಗಿದು ನಿಂತಿದ್ದೆ. ಅದನ್ನು ನೋಡಿಯೇ ಇರಬೇಕು, ಒಬ್ಬ ಯುವಕ ಬಂದ. ಕೈಯಲ್ಲಿ ಬಣ್ಣದ ದಾರಗಳು. "ನಮಸ್ತೆ, ಮಮ್ಮಿ" ಎಂದ. ಚರ್ಚಿನ ಕಡೆ ಬೆರಳು ತೋರಿಸಿ, ಆಮೇಲೆ ಆಕಾಶ ತೋರಿಸಿ, ಕೆಂಪು ದಾರವೊಂದನ್ನು ನನ್ನ ಮಣಿಕಟ್ಟಿನ ಹತ್ತಿರ ಹಿಡಿದ.

ದೇವರ ದಾರ ಎಂದುಕೊಂಡೆ. ಯಾರ ದೇವರಾದರೇನು, ಮೆಟ್ಟು ಹಾಕಿಕೊಂಡು, ಹೆಗಲಿಗೆ ಚರ್ಮ ತಗುಲಿಸಿಕೊಂಡು ದಾರ ಕಟ್ಟಿಸಿಕೊಳ್ಳುವುದುಂಟೆ? ಚಪ್ಪಲಿ ಬಿಟ್ಟೆ. ಅಷ್ಟು ದಿನ ಸ್ನಾನಕ್ಕಲ್ಲದೆ ಮೈಯಿಂದ ತೆಗೆಯದಿದ್ದ ಚೀಲವನ್ನು ತಲೆಯ ಮೇಲಿಂದ ತೆಗೆದು ಚಪ್ಪಲಿಯ ಪಕ್ಕ ಮೆಟ್ಟಿಲ ಮೇಲಿಟ್ಟೆ. ಬಲಗೈ ನೀಡಿ, ಎಡಗೈಯನ್ನು ಮೊಣಕೈಗೆ ಆನಿಸಿ, ಕಣ್ಣು ಮುಚ್ಚಿದೆ. ಕಳ್ಳನಿಗೆ ಇಷ್ಟು ಅನುಕೂಲವನ್ನು ಬೇರೆ ಯಾರು ಮಾಡಿಕೊಟ್ಟಾರು? ಕಣ್ಣು ಬಿಟ್ಟಾಗ ದಾರ ಮಣಿಕಟ್ಟಿನಲ್ಲಿತ್ತು, ಚಪ್ಪಲಿ ಇದ್ದಲ್ಲೇ ಇತ್ತು. ಹುಡುಗನೂ ಇಲ್ಲ, ಚೀಲವೂ ಇಲ್ಲ.

ನಾನು ಕೂಗಲಿಲ್ಲ. ನಾಚಿಕೆಯಾಗಿತ್ತು. ರತ್ನ ಬಂದು ನನ್ನ ಬರಿಗಾಲು ನೋಡಿ, ಚೀಲವಿಲ್ಲದ ಎದೆ ನೋಡಿ, ತಾನೇ ಅರ್ಥಮಾಡಿಕೊಂಡು ಅಳುವುದಕ್ಕೆ ಶುರುಮಾಡಿದಳು. "ನಾಳೀಕೆ ಎಲ್ರೂ ಒಂಟೋಯ್ತಾರೆ, ನಾವು ಈ ಊರಲ್ಲಿ ಏನಕ್ಕ ಮಾಡಾದು? ಅವ್ರ್‌ದೂ ಕಳದ್ಯಾ, ನಂದೂ ಕಳದ್ಯಾ?"

ನಾನು ಉತ್ತರ ಹೇಳುವ ಮೊದಲೇ ಅವಳ ಫೋನು ಬಡಿದುಕೊಂಡಿತು. ಕರೆ ಹಳೇಕೋಟೆಯದು. ಅಲ್ಲಿ ನಮ್ಮ ಸೋದರತ್ತೆ ಮಾದಮ್ಮ ತನ್ನ ಸೊಸೆ ಸಾವಿತ್ರಿಯ ಆರೈಕೆಯಲ್ಲಿದ್ದಳು. ತೊಂಬತ್ತು ದಾಟಿದ ಜೀವ, ಅರಳುಮರುಳು. ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ಊರಿನಲ್ಲಿ ಆಗ ದೀಪ ಹಚ್ಚುವ ಹೊತ್ತು.

ರತ್ನ ಫೋನನ್ನು ಜೋರುಮಾಡಿ ಹಿಡಿದಳು. ಸಾವಿತ್ರಿ ಏದುಸಿರು ಬಿಡುತ್ತಿದ್ದಳು.

"ರತ್ನಕ್ಕ, ಅಲ್ಲೇನಾರ ಆಗೈತಾ? ಅತ್ತೆ ಒಂದೇ ಸಮ್ಕೆ ಕೂಗ್ತಾವ್ರೆ ಕಣಕ್ಕ. ನರಸಮ್ಮನ್ ಚೀಲ ಮರದ್ ಕುದ್ರೆ ಕೆಳೀಕ್ ಐತೆ, ಓಗಿ ಎತ್ಕಳಿ ಅಂತಾರೆ. ನೀರ್ ಕೊಟ್ರೂ ಕುಡೀತಿಲ್ಲ."

ನರಸಮ್ಮ ಎಂದರೆ ನಾನು. ಆ ಹೆಸರು ಅತ್ತೆಯ ಬಾಯಿಂದ ಬಂದು ಬಹಳ ಕಾಲವಾಗಿತ್ತು. ಸಾವಿತ್ರಿಯ ಮಾತಿನ ಹಿಂದೆ ಅತ್ತೆಯ ದನಿಯೂ ಕೇಳುತ್ತಿತ್ತು, "ಕುದ್ರೆ ಕೆಳೀಕೆ, ಕುದ್ರೆ ಕೆಳೀಕೆ" ಎಂದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನು ಕಸಿದುಕೊಂಡು, "ಸಾವಿತ್ರಿ, ರಾತ್ರಿ ಮಾತ್ರೆ ಈಗಲೇ ಕೊಟ್ಟು ಮಲಗ್ಸು. ಅವಳು ಕೂಗಿದ್ದಕ್ಕೆಲ್ಲ ಫೋನ್ ಮಾಡಬೇಡ" ಎಂದು ಕತ್ತರಿಸಿದೆ.

ಪೊಲೀಸರ ಹತ್ತಿರ ಹೋಗೋಣ ಎಂದು ನಾನು ಚಪ್ಪಲಿ ಮೆಟ್ಟಿದೆ. ಶಿವಣ್ಣ ಮೆಟ್ಟಿಲ ಕಡೆ ನೋಡುತ್ತಿದ್ದವರು, "ಅತ್ತೆ ಅಂಗಂತಾವ್ರಲ್ಲ, ಒಂದ್ಸಲ ನೋಡ್ಕೊಂಡ್ ಬತ್ತೀನಿ" ಎಂದರು.

"ಇಲ್ಲಿ ಯಾವ ಕುದುರೆ ಇದೆ ಶಿವಣ್ಣ? ತಲೆ ನೆಟ್ಟಗಿದೆಯಾ?" ಎಂದೆ.

"ನಿಮ್ತಲೆ ನೆಟ್ಗಿತ್ತಲ್ಲ, ಏನಾಯ್ತು?" ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಇಳಿದು ಹೋದರು.

ಹಿಂದಿರುಗಿದಾಗ ಅವರ ಕಂಕುಳಲ್ಲಿ ನನ್ನ ಚೀಲವಿತ್ತು. ದುಡ್ಡಿಲ್ಲ, ನನ್ನ ಫೋನಿಲ್ಲ, ಆದರೆ ಮೂರು ಪಾಸ್‌ಪೋರ್ಟುಗಳೂ ಇದ್ದವು. ಗುಡ್ಡದ ಬುಡದಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ಮರದ ಕುದುರೆಗಳ ದೊಡ್ಡ ರಾಟೆ ಇದೆಯಂತೆ. ಅದರ ಹಲಗೆಯ ಕೆಳಗೆ ಚೀಲವನ್ನು ತುರುಕಿದ್ದರಂತೆ. ನಾನು ಹೋಗಿ ನೋಡಿದೆ. ಚಿನ್ನದ ಬಣ್ಣದ ಜೂಲಿನ ಕುದುರೆಗಳು ಹಾಡಿಗೆ ತಕ್ಕಂತೆ ಏರಿ ಇಳಿಯುತ್ತ ಸುತ್ತುತ್ತಿದ್ದವು.

ಕಳ್ಳರಿಗೆ ಬೇಕಾದದ್ದು ದುಡ್ಡು, ಉಳಿದದ್ದನ್ನು ಓಡುವ ದಾರಿಯಲ್ಲಿ ಬಿಸಾಡುತ್ತಾರೆ, ಅದು ಸರಿ. ಆದರೆ ಹಾಸನ ಬಿಟ್ಟು ಆಚೆ ಹೋಗದ ಅತ್ತೆಗೆ ಹೇಗೆ ತಿಳಿಯಿತು? ಮೊದಲೇ ಯಾರಾದರೂ ಚಿತ್ರ ಕಳಿಸಿದ್ದರೇ ಎಂದು ವಿಚಾರಿಸಿದೆ. ನಾವೇ ನೋಡದ್ದನ್ನು ಕಳಿಸುವುದು ಹೇಗೆ? ಮುದುಕಿಯ ಬಡಬಡಿಕೆ ಕಾಕತಾಳೀಯವಾಗಿ ಹೊಂದಿಕೊಂಡಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಆ "ಕುದ್ರೆ ಕೆಳೀಕೆ" ಎಂಬ ದನಿ ಕೇಳುತ್ತದೆ, ಅದರ ಮೇಲೆ ನನ್ನ ಗದರಿಕೆ ಕೇಳುತ್ತದೆ. ಅತ್ತೆ ಈಗಿಲ್ಲ.

ಅಂದು ಸಂಜೆ ಹೋಟೆಲಿನಿಂದ, ರತ್ನಳ ಫೋನಿನಲ್ಲಿ, ಹಳೇಕೋಟೆಗೆ ನಾನೇ ಕರೆ ಮಾಡಿದೆ. ಸಾವಿತ್ರಿ ಮಾತ್ರೆ ಕೊಟ್ಟಿರಲಿಲ್ಲ. ಅತ್ತೆ ತಾವಾಗಿಯೇ ಸುಮ್ಮನಾದರು ಎಂದಳು. ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. "ಅತ್ತೆ, ಚೀಲ ಸಿಕ್ತು" ಎಂದೆ.

"ಯಾವ್ ಚೀಲವ್ವ? ನೀನ್ಯಾರ್ ಮಗ್ಳು?" ಎಂದಳು ಅತ್ತೆ.

ಯಾರ ಮಗಳು ಎಂದು ಹೇಳಿದೆ. ಗುರುತು ಹತ್ತಲಿಲ್ಲ.

ಆಮೇಲೆ ಒಂದು ಕೆಲಸ ಉಳಿದಿತ್ತು. ಚೀಲ ತೆರೆದು ರತ್ನಳ ಪಾಸ್‌ಪೋರ್ಟನ್ನು ಅವಳ ಕೈಗೆ, ಶಿವಣ್ಣನವರದ್ದನ್ನು ಅವರ ಕೈಗೆ ಕೊಟ್ಟೆ. ಶಿವಣ್ಣ ಇನ್ನೂ ಕೈ ಚಾಚಿಯೇ ಇದ್ದರು. ನನ್ನ ಪಾಸ್‌ಪೋರ್ಟನ್ನೂ ಅವರದರ ಮೇಲಿಟ್ಟು, ದೀಪ ಆರಿಸಿ ಮಲಗಿದೆ.