ಒಂದು ಬುಟ್ಟಿ ಹೆಚ್ಚು

ಹಳೇ ಹುಬ್ಬಳ್ಳಿಯಲ್ಲಿ ನಮ್ಮಪ್ಪ ಹಾಕಿದ ಮಿರ್ಚಿ ಭಜಿ ಅಂಗಡಿಯನ್ನು ಈಗ ನಮ್ಮಣ್ಣ ನಡೆಸುತ್ತಾನೆ. ಹೋದ ವರ್ಷ ಎದುರಿಗೇ ಇನ್ನೊಂದು ಭಜಿ ಅಂಗಡಿ ಬಂತು. ಅಂದಿನಿಂದ ಅಣ್ಣನ ಕಣ್ಣೆಲ್ಲ ಆ ಕಡೆಗೇ. ಅವರು ಐದು ಬುಟ್ಟಿ ಕರಿದರೆ ಮರುದಿನ ಇವನು ಆರು. ಉಳಿದದ್ದೆಲ್ಲ ಧಾರವಾಡಕ್ಕೆ, ಮಾಳಮಡ್ಡಿಯ ನನ್ನ ಮನೆಗೆ. ಚಹಾದ ಜೊತೆ ತಣ್ಣಗಿನ ಭಜಿ ತಿಂದು ತಿಂದು ನನಗೆ ಸಾಕಾಗಿಹೋಗಿತ್ತು. ಹೀಗೇ ಆದರೆ ಅಪ್ಪನ ಅಂಗಡಿ ಮುಚ್ಚಿಯೇ ಹೋಗುತ್ತದೆ ಎಂಬ ಹೆದರಿಕೆ ಬೇರೆ. ಹೇಳಿದರೆ ಕೇಳುವ ಆಸಾಮಿಯೇ ಅವನು? "ಪುಸ್ತಕದಾಗಿನ ವ್ಯಾಪಾರ ನನಗ ಹೇಳಬ್ಯಾಡ" ಎನ್ನುತ್ತಿದ್ದ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಕೆಲವೇ ಅಂಗಡಿಗಳಿರುವ ಪೇಟೆಯಲ್ಲಿ ಯಾರು ಯಾರಿಂದ ಏನು ಕಲಿಯುತ್ತಾರೆ ಎಂದು ತೋರಿಸಲು ಪ್ರತಿ ವರ್ಷ ಒಂದು ಆಟ ಆಡಿಸುತ್ತೇನೆ. ನಾಲ್ಕು ಬೆಂಚು, ನಾಲ್ಕು ಭಜಿ ಅಂಗಡಿ. ಎಷ್ಟು ಬುಟ್ಟಿ ಕರಿಯುತ್ತೀರಿ ಎಂದು ಗುಟ್ಟಾಗಿ ಚೀಟಿಯಲ್ಲಿ ಬರೆಯಬೇಕು. ಒಟ್ಟು ಬುಟ್ಟಿ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ. ಲಾಭದ ದುಡ್ಡಿಗೆ ಬದಲು ಹುಣಸೆ ಬೀಜ. ಈ ಸಲ ಪುಸಲಾಯಿಸಿ ಅಣ್ಣನನ್ನೂ ಒಂದು ಬೆಂಚಿನಲ್ಲಿ ಕೂರಿಸಿದೆ.

ಪ್ರತಿ ಸುತ್ತಿನ ನಂತರ ಎಲ್ಲರ ಬುಟ್ಟಿಯ ಲೆಕ್ಕವನ್ನೂ ಲಾಭವನ್ನೂ ಹಲಗೆಯ ಮೇಲೆ ಬರೆದೆ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕರಿದ ಅಣ್ಣನಿಗೇ ಹೆಚ್ಚು ಬೀಜ. ಮೀಸೆ ತಿರುವಿದ. ಮುಂದಿನ ಸುತ್ತಿಗೆ ಉಳಿದವರೂ ಅವನಷ್ಟೇ ಕರಿದರು. ಅವನು ಇನ್ನೊಂದು ಏರಿಸಿದ, ಅವರೂ ಏರಿಸಿದರು. ಐದನೇ ಸುತ್ತಿಗೆ ಯಾರಿಗೂ ಒಂದೇ ಒಂದು ಬೀಜ ಸಿಗಲಿಲ್ಲ. ಅಣ್ಣ ಪಕ್ಕದ ಬೆಂಚಿನ ಹುಡುಗಿಯರ ಮೇಲೆ ಹರಿಹಾಯ್ದ: "ಹುಚ್ಚರಂಗ ಅಷ್ಟ್ಯಾಕ ಕರದ್ರಿ?"

"ನಿಮ್ಮನ್ನ ನೋಡೇ ಕರದ್ವಿರಿ, ಕಾಕಾ" ಎಂದಳು ಒಬ್ಬಳು.

ಕ್ಲಾಸು ಗೊಳ್ಳೆಂದು ನಕ್ಕಿತು. ಅಣ್ಣ ನಗಲಿಲ್ಲ.

ಎರಡನೇ ಆಟಕ್ಕೆ ನಾನು ಹಲಗೆ ಒರೆಸಿಬಿಟ್ಟೆ. ಅವರವರ ಬೀಜ ಮಾತ್ರ ಅವರವರಿಗೆ ಗೊತ್ತು. ನೋಡಿ ಏರಿಸಲು ಪಕ್ಕದವರ ಲೆಕ್ಕವಿಲ್ಲ; ತಮ್ಮ ಬೀಜವನ್ನೇ ನೋಡಿಕೊಂಡು, ತಡವರಿಸುತ್ತ ಒಬ್ಬೊಬ್ಬರೂ ಒಂದೊಂದು ಬುಟ್ಟಿ ಇಳಿಸಿದರು. ಕೊನೆಗೆ ಎಲ್ಲರ ಮುಂದೆಯೂ ಬೀಜದ ಗುಡ್ಡೆ. ಅಣ್ಣ ಚಹಾಕ್ಕೂ ನಿಲ್ಲದೆ ಹುಬ್ಬಳ್ಳಿಗೆ ಹೋದ.

ಆಮೇಲೆ ಎಂಟು ದಿನ ಮನೆಗೆ ಭಜಿ ಬರಲಿಲ್ಲ. ಸಿಟ್ಟಾದನೇ, ಅಂಗಡಿಯನ್ನೇ ಮುಚ್ಚಿದನೇ ಎಂದು ಹೆದರಿ, ಸಂಜೆ ಕಾಲೇಜಿನಿಂದಲೇ ಬಸ್ಸು ಹತ್ತಿದೆ.

ಅಂಗಡಿ ತೆರೆದಿತ್ತು. ಒಲೆಯನ್ನು ಮಾತ್ರ ತಿರುಗಿಸಿ ಇಟ್ಟಿದ್ದ. ಅಣ್ಣನ ಮುಖ ಈಗ ಗೋಡೆಯ ಕಡೆ, ಬೆನ್ನು ಎದುರಿನ ಅಂಗಡಿಗೆ.

"ನಾ ಕಡಿಮಿ ಕರದೆ. ಎರಡ ದಿನಕ್ಕ ಎದುರಿನಂವನೂ ಕಡಿಮಿ ಮಾಡ್ಯಾನಂತ, ಗಿರಾಕಿ ಹೇಳಿದ್ರು" ಎಂದ. "ಪಾಪ, ಅಂವನೂ ನನ್ನ ನೋಡೇ ಕರೀತಿದ್ದ."

ನನಗೆ ವಿಪರೀತ ಹಸಿವು. ಎರಡು ಭಜಿ ಕೊಡು ಎಂದೆ. ಅವನು ಬುಟ್ಟಿಯನ್ನು ಬೋರಲು ಹಾಕಿ ತೋರಿಸಿದ.

"ಒಂದೂ ಉಳದಿಲ್ಲ, ತಂಗಿ."

ಖರೇ ಹೇಳುತ್ತೇನೆ, ಬರಿಹೊಟ್ಟೆಯಲ್ಲಿ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.